ವಿಮಾನ ಬಿಡಿ, ದಂಡೆ ನೋಡಿ

ಈ ವಾರದ ಆಟ ‘ರಿವರ್ ರೇಡ್’. ಟಿ.ವಿ.ಗೆ ಜೋಡಿಸಿ ಆಡುವ ಅಟಾರಿ 2600 ಯಂತ್ರಕ್ಕಾಗಿ ಆಕ್ಟಿವಿಷನ್ ಕಂಪನಿ 1982ರಲ್ಲಿ ಹೊರತಂದದ್ದು. ನದಿಯ ಮೇಲೆ ಜೆಟ್ ವಿಮಾನ ಹಾರುತ್ತದೆ. ಎದುರಿಗೆ ಹಡಗು, ಹೆಲಿಕಾಪ್ಟರ್, ಸೇತುವೆ. ಆಡುವವರ ಕಣ್ಣೆಲ್ಲ ವಿಮಾನದ ಮೇಲೆ. ಯೂಟ್ಯೂಬಿನಲ್ಲಿ ಸಿಕ್ಕರೆ ನೀವು ಮಾತ್ರ ದಂಡೆ ನೋಡಿ.

ಎಡದಂಡೆ ಒಳಕ್ಕೆ ಚಾಚಿದಾಗೆಲ್ಲ ಬಲದಂಡೆಯೂ ಅಷ್ಟೇ ಚಾಚುತ್ತದೆ. ಅಟಾರಿಯ ಚಿಪ್ ಹಿನ್ನೆಲೆಯ ಅರ್ಧ ಭಾಗವನ್ನಷ್ಟೇ ಇಟ್ಟುಕೊಳ್ಳಬಲ್ಲದು. ಉಳಿದರ್ಧಕ್ಕೆ ಅದನ್ನೇ ಮತ್ತೆ ತೋರಿಸುತ್ತದೆ, ಇಲ್ಲವೇ ಕನ್ನಡಿಯಲ್ಲಿಟ್ಟಂತೆ ತಿರುಗಿಸುತ್ತದೆ. ಆಟ ರಚಿಸಿದ ಕ್ಯಾರಲ್ ಶಾ ಆ ಕೊರತೆಗೆ ನದಿಯ ರೂಪ ಕೊಟ್ಟರು. ನಡುವೆ ಅಲ್ಲಲ್ಲಿ ದ್ವೀಪ ಎಬ್ಬಿಸಿ ಹರಿವನ್ನು ಕವಲೊಡೆಸಿದರು. ಎರಡು ಬದಿಯೂ ಒಂದೇ ಎಂಬುದು ಆಡುವವರ ಗಮನಕ್ಕೇ ಬರುವುದಿಲ್ಲ.

ಆ ಯಂತ್ರದ ರ್‍ಯಾಮ್ 128 ಬೈಟ್. ಇಂದಿನ ವಾಟ್ಸ್‌ಆ್ಯಪ್‌ನ ಒಂದು ‘ಶುಭೋದಯ’ ಚಿತ್ರಕ್ಕೆ ಅದರ ನೂರಾರು ಪಟ್ಟು ಜಾಗ ಬೇಕು. ಇಡೀ ಆಟಕ್ಕೆ ಕ್ಯಾಸೆಟ್ಟಿನಲ್ಲಿದ್ದದ್ದು 4 ಕಿಲೋಬೈಟ್. ಪರದೆಯ ಚಿತ್ರವನ್ನು ಹಿಡಿದಿಡುವ ಮೆಮೊರಿಯೇ ಇಲ್ಲದ್ದರಿಂದ, ಟಿ.ವಿ. ಒಂದೊಂದು ಗೆರೆ ಎಳೆಯುವಾಗಲೂ ಅದರಲ್ಲಿ ಏನಿರಬೇಕೆಂದು ಪ್ರೋಗ್ರಾಂ ಆಗಿಂದಾಗಲೇ ಹೇಳಬೇಕು. ಗೆರೆಯೊಂದಕ್ಕೆ ಪ್ರೊಸೆಸರ್‌ನ 76 ಸೈಕಲ್ ಮಾತ್ರ. ತಡವಾದರೆ ಚಿತ್ರ ಕೆಟ್ಟಿತು.

ಇಷ್ಟರಲ್ಲಿ ಉದ್ದೋಉದ್ದ ನದಿಯನ್ನು ಎಲ್ಲಿ ತುಂಬಿಡುವುದು? ಶಾ ತುಂಬಿಡಲಿಲ್ಲ. ಒಂದು ಸಂಖ್ಯೆಯ ಬಿಟ್‌ಗಳನ್ನು ಸರಿಸಿ ಇನ್ನೊಂದು ಸಂಖ್ಯೆ, ಅದರಿಂದ ಮತ್ತೊಂದು. ಹೀಗೆ ಹುಟ್ಟುವ ಸಂಖ್ಯೆಗಳೇ ಮುಂದಿನ ತಿರುವನ್ನು ತೀರ್ಮಾನಿಸುತ್ತವೆ. ನೋಡಲು ಅಡ್ಡಾದಿಡ್ಡಿ. ಆದರೆ ಶುರುವಿನ ಸಂಖ್ಯೆ ಯಾವಾಗಲೂ ಒಂದೇ ಆದ್ದರಿಂದ ನದಿಯೂ ಅದೇ. ಆಡಿ ಪಳಗಿದವರಿಗೆ ತಿರುವುಗಳೆಲ್ಲ ಬಾಯಿಪಾಠ.

ಇದು ಲೆಕ್ಕದ ಜಾಣತನವಾಯಿತು. ಕಲೆ ಇರುವುದು ಇಂಧನದ ತೊಟ್ಟಿಯಲ್ಲಿ. ಅದರ ಮೇಲೆ ನಿಧಾನವಾಗಿ ಹಾರಿದರೆ ಟ್ಯಾಂಕು ತುಂಬುತ್ತದೆ. ಗುಂಡು ಹೊಡೆದು ಉಡಾಯಿಸಿದರೆ ಅಂಕ ಸಿಗುತ್ತದೆ. ಬದುಕಬೇಕೋ, ಗೆಲ್ಲಬೇಕೋ? ಕೆಲವು ಚೌಕದ ಚುಕ್ಕಿಗಳಲ್ಲಿ ಇಂಥ ಇಕ್ಕಟ್ಟು ಹೂಡುವುದು ಕಥೆಗಾರರ ಕಸುಬು.

ಆಕ್ಟಿವಿಷನ್‌ಗೆ ಬರುವ ಮೊದಲು ಶಾ 1978ರಲ್ಲಿ ಅಟಾರಿ ಕಂಪನಿ ಸೇರಿದ್ದವರು. ಅಲ್ಲಿ ಡಬ್ಬದ ಮೇಲೆ ಆಟ ಮಾಡಿದವರ ಹೆಸರಿರುತ್ತಿರಲಿಲ್ಲ. ವಾರೆನ್ ರಾಬಿನೆಟ್ ತಮ್ಮ ‘ಅಡ್ವೆಂಚರ್’ ಆಟದ ಗುಪ್ತ ಕೋಣೆಯೊಂದರಲ್ಲಿ ಹೆಸರನ್ನು ಬಚ್ಚಿಡಬೇಕಾಯಿತು. ಬೇಸತ್ತ ನಾಲ್ವರು ಹೊರಬಂದು 1979ರಲ್ಲಿ ಆಕ್ಟಿವಿಷನ್ ಕಟ್ಟುವಲ್ಲಿ ಮುಂದಾದರು, ಕೆಲಸಗಾರರ ಹೆಸರು ಅಚ್ಚು ಹಾಕಿಸಿದರು. ನಮ್ಮಲ್ಲಿ ಟಿ.ವಿ.ಗೆ ಸಿಕ್ಕಿಸುತ್ತಿದ್ದ ಯಂತ್ರಗಳ, ನೂರಾರು ಆಟ ತುಂಬಿದ ನಕಲಿ ಕ್ಯಾಸೆಟ್ಟುಗಳಿಗೆ ಆ ಮರ್ಯಾದೆಯೂ ಇರಲಿಲ್ಲ.

ಸಾಮಗ್ರಿ ಕಡಿಮೆಯಿದ್ದರೆ ಕಲೆ ತಾನಾಗಿ ಅರಳುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದೇ ಯಂತ್ರ, ಅದೇ ಇಕ್ಕಟ್ಟು ಎಲ್ಲರಿಗೂ ಇತ್ತು. ಆದರೂ ಅಮೆರಿಕದ ಅಂಗಡಿಗಳಲ್ಲಿ ಕಳಪೆ ಆಟಗಳು ರಾಶಿಬಿದ್ದವು, 1983ರಲ್ಲಿ ಮಾರುಕಟ್ಟೆಯೇ ಕುಸಿಯಿತು. ಚೆನ್ನಾದ ನದಿಯ ಶ್ರೇಯಸ್ಸು 4 ಕಿಲೋಬೈಟ್‌ಗಲ್ಲ, ಕ್ಯಾರಲ್ ಶಾಗೆ ಸಲ್ಲಬೇಕು.