ಬೆಳ್ಗೊಳದ ಮಠದ ಗೋಡೆಯ ಮೇಲಿನ ಮರ

ಹಾಸನದಿಂದ ಚನ್ನರಾಯಪಟ್ಟಣದ ಮಾರ್ಗವಾಗಿ ಶ್ರವಣಬೆಳ್ಗೊಳಕ್ಕೆ ಹೋಗುವವರಲ್ಲಿ ಬಹುಮಂದಿ ಬೆಟ್ಟವನ್ನೇರಿ, ಗೊಮ್ಮಟನನ್ನು ಕಂಡು ಹಿಂದಿರುಗುತ್ತಾರೆ. ಊರೊಳಗಿನ ಜೈನಮಠದ ಭಿತ್ತಿಚಿತ್ರಗಳನ್ನು ನೋಡಲು ಅವರಿಗೆ ಹೊತ್ತು ಉಳಿಯುವುದು ವಿರಳ. ನಾವು ವಿದ್ಯಾರ್ಥಿಗಳೊಡನೆ ಹೋದದ್ದು ಈ ಚಿತ್ರಗಳಿಗಾಗಿಯೇ. ಆದರೆ ನಮ್ಮ ಮನಸ್ಸಿನಲ್ಲಿದ್ದುದು ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ಒಡ್ಡೋಲಗದ ಚಿತ್ರವೊಂದೇ ಎಂಬುದನ್ನು ಒಪ್ಪಿಕೊಳ್ಳಬೇಕು. ಅರಸನಿರುವ ಕಡೆಗೇ ಕಣ್ಣು ಹೋಗುವುದು ಇತಿಹಾಸದ ಅಧ್ಯಾಪಕರಿಗೆ ಅಂಟಿದ ರೋಗ.

ಪಾರ್ಶ್ವನಾಥನ ಸಮವಸರಣ, ಭರತ ಚಕ್ರವರ್ತಿಯ ಮತ್ತು ನಾಗಕುಮಾರನ ಕಥಾಪ್ರಸಂಗಗಳು ಈ ಗೋಡೆಗಳ ಮೇಲೆ ಉಂಟು. ಶ್ರವಣಬೆಳ್ಗೊಳದ ಶಾಸನ ಸಂಪುಟವನ್ನು 1923ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಆರ್. ನರಸಿಂಹಾಚಾರ್ಯರು ಇವುಗಳನ್ನು ಪರಿಚಯಿಸಿರುವರು. ಒಂದು ಮರವನ್ನೂ ಆರು ಮಂದಿಯನ್ನೂ ಚಿತ್ರಿಸಿರುವ ಭಾಗವು ಷಡ್‌ಲೇಶ್ಯೆಗಳನ್ನು ಸೂಚಿಸುತ್ತದೆಂದೂ ಅವರು ಗುರುತಿಸಿದ್ದಾರೆ. ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದುದು ಈ ಮರವೇ.

ಆತ್ಮಕ್ಕೆ ಅಂಟುವ ಭಾವದ ಬಣ್ಣವೇ ಲೇಶ್ಯೆ. ಕೃಷ್ಣ, ನೀಲ, ಕಪೋತ, ಪೀತ, ಪದ್ಮ, ಶುಕ್ಲ ಎಂದು ಅದು ಆರು ಬಗೆ. ಕಾಡಿನಲ್ಲಿ ದಾರಿತಪ್ಪಿದ ಆರು ಮಂದಿ ಹಣ್ಣು ತುಂಬಿದ ಮರವೊಂದನ್ನು ಕಾಣುತ್ತಾರೆ. ಬೇರುಸಹಿತ ಕೀಳಬೇಕೆಂದು ಒಬ್ಬ, ಕಾಂಡವನ್ನು ಕಡಿಯಬೇಕೆಂದು ಇನ್ನೊಬ್ಬ, ಕೊಂಬೆ ಸಾಕೆಂದು ಮತ್ತೊಬ್ಬ, ರೆಂಬೆ ಸಾಕೆಂದು ನಾಲ್ಕನೆಯವನು, ಹಣ್ಣನ್ನು ಮಾತ್ರ ಕೀಳೋಣವೆಂದು ಐದನೆಯವನು ಎಣಿಸುತ್ತಾರೆ. ಉದುರಿದುದನ್ನು ತಿಂದರಾಯಿತೆಂದು ಆರನೆಯವನು. ಚಾವುಂಡರಾಯನ ಗುರುವಾದ ನೇಮಿಚಂದ್ರನು ಹತ್ತನೆಯ ಶತಮಾನದಲ್ಲಿ ಪ್ರಾಕೃತದಲ್ಲಿ ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ಈ ದೃಷ್ಟಾಂತವಿದೆ. ಅಲ್ಲಿ ಮರಕ್ಕೆ ಹೆಸರಿಲ್ಲ. ನಮ್ಮೊಡನಿದ್ದ ಹೊಳೆನರಸೀಪುರದ ಕಡೆಯ ವಿದ್ಯಾರ್ಥಿಯೊಬ್ಬನು ಮಾತ್ರ ಅದು ನೇರಳೆಯ ಮರವೆಂದು ತಡೆಯಿಲ್ಲದೆ ಹೇಳಿದನು. ಅವನು ಕಥೆಯನ್ನು ಕೇಳಿದ್ದುದು ಅಜ್ಜಿಯಿಂದ. ಸಿದ್ಧಾಂತವು ಜನಪದ ಕಥೆಯಾಗುವಾಗ ಮರಕ್ಕೆ ಹೆಸರು ಬೇಕಾಗುತ್ತದೆ; ಗೋಡೆಗೆ ಬರುವಾಗ ಎಲೆಯೂ ಬೇಕಾಗುತ್ತದೆ.

ಇಲ್ಲಿಯೇ ಚಿತ್ರಕಾರನ ತೊಡಕು. ಗಾಹೆಯಲ್ಲಿ ಆರು ಮಂದಿಯೂ ಕೇವಲ ಯೋಚಿಸುತ್ತಾರೆ. ಮರಕ್ಕೆ ಒಂದು ಪೆಟ್ಟೂ ಬಿದ್ದಿಲ್ಲ. ಯೋಚನೆಗೆ ರೂಪವಿಲ್ಲದ ಕಾರಣ ಚಿತ್ರಕಾರನು ಅದನ್ನು ಕ್ರಿಯೆಯಾಗಿ ಮಾರ್ಪಡಿಸಬೇಕು. ಕಡಿಯುವ ಮನಸ್ಸನ್ನು ತೋರಿಸಬೇಕಾದರೆ ಕೈಗೆ ಕೊಡಲಿಯನ್ನು ಕೊಡಬೇಕು. ಆದಕಾರಣ ಇಂಥ ಚಿತ್ರದಲ್ಲಿ ಕ್ರೂರನಾದವನಿಗೆ ಚಲನೆಯೂ ಬಲವೂ ತಾವಾಗಿ ಒದಗುತ್ತವೆ. ಶುಕ್ಲಲೇಶ್ಯೆಯವನಿಗೆ ಮಾಡಲು ಕೆಲಸವೇ ಇಲ್ಲ. ನಮ್ಮ ವಿದ್ಯಾರ್ಥಿಗಳು ಅವನನ್ನು ಕೊನೆಗೆ ಗುರುತಿಸಿದುದು ಆಶ್ಚರ್ಯವಲ್ಲ. ಇದನ್ನು ಚಿತ್ರದ ದೋಷವೆಂದು ನಾವು ಎಣಿಸುವುದಿಲ್ಲ. ಒಂದೇ ಚೌಕಟ್ಟಿನಲ್ಲಿ ಮರವು ಉರುಳಬೇಕಾಗಿದೆ, ಫಲ ಹೊತ್ತು ನಿಂತೂ ಇರಬೇಕಾಗಿದೆ. ಗಾಹೆಯಲ್ಲಿ ಒಂದರ ಅನಂತರ ಒಂದಾಗಿ ಬರುವ ಆರು ಭಾವಗಳು ಇಲ್ಲಿ ಒಮ್ಮೆಲೇ ಕಣ್ಣಿಗೆ ಬೀಳುತ್ತವೆ. ಗೆರೆಯನ್ನು ಖಚಿತವಾಗಿ ಎಳೆದು, ನೆರಳಿಲ್ಲದೆ ಬಣ್ಣ ತುಂಬುವ ಮೈಸೂರಿನ ಸಂಪ್ರದಾಯಕ್ಕೆ ಇದು ಒಗ್ಗುವ ಕೆಲಸ.

ಒಡ್ಡೋಲಗದ ಚಿತ್ರವನ್ನು ಮಾತ್ರ ‘ಆಧಾರ’ವೆಂದು ಎಣಿಸಿ, ಮರವನ್ನು ಮತಬೋಧೆಯೆಂದು ಬದಿಗಿಡುವ ನಮ್ಮ ಪದ್ಧತಿ ಸರಿಯಲ್ಲ. ಮುಮ್ಮಡಿಯವರು 1799ರಿಂದ 1868ರವರೆಗೆ ಪಟ್ಟದಲ್ಲಿದ್ದರೂ 1831ರಲ್ಲಿ ಆಡಳಿತವು ಬ್ರಿಟಿಷರ ವಶವಾಯಿತು. ದರ್ಬಾರಿನ ವೈಭವ ಉಳಿಯಿತು. ಆ ಚಿತ್ರದಲ್ಲಿಯೂ ಇದ್ದುದರ ಜೊತೆಗೆ ಬಯಸಿದುದು ಬೆರೆತಿರಬಹುದೆಂದು ಸಂಶಯಪಡುವುದು ನಮ್ಮ ಕರ್ತವ್ಯ. ಆ ಸಂಶಯವನ್ನು ಅದಕ್ಕೆ ಅನ್ವಯಿಸದೆ ಮರಕ್ಕೆ ಮಾತ್ರ ಅನ್ವಯಿಸುವುದು ನ್ಯಾಯವಲ್ಲ.

ಭಿತ್ತಿಚಿತ್ರವನ್ನು ಪ್ರದರ್ಶನಶಾಲೆಗೆ ಒಯ್ಯಲಾಗುವುದಿಲ್ಲ. ದೀಪದ ಹೊಗೆಗೂ ತೇವಕ್ಕೂ ಅದು ಇದ್ದಲ್ಲಿಯೇ ಒಡ್ಡಿಕೊಂಡಿರುತ್ತದೆ. ಮಠದ ಅನುಮತಿ ದೊರೆತರೆ ಈ ಮರದ ವರ್ಣಚ್ಛಾಯಾಚಿತ್ರವನ್ನು, ಎಲೆಗಳನ್ನು ಎಣಿಸಬಹುದಾದಷ್ಟು ದೊಡ್ಡದಾಗಿ, ವಿಭಾಗದ ಸಂಗ್ರಹದಲ್ಲಿ ಒಡ್ಡೋಲಗದ ಪಕ್ಕದಲ್ಲಿಯೇ ಇಡಬೇಕೆಂದು ಸೂಚಿಸುತ್ತೇವೆ.