ಸುಂಕದ ಕಟ್ಟೆಯೂ ಅಚೌರ್ಯವ್ರತವೂ: ಗೆಜೆಟಿಯರಿನ ಒಂದು ಪ್ರಸಿದ್ಧ ಪುಟದ ವಿಮರ್ಶೆ

ಶ್ರಾವಕನ ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳುತ್ತದೆ. ಕಳ್ಳತನಕ್ಕೆ ಪ್ರೇರಣೆ ನೀಡುವುದು, ಕದ್ದು ತಂದುದನ್ನು ಸ್ವೀಕರಿಸುವುದು, ವಿರುದ್ಧರಾಜ್ಯಾತಿಕ್ರಮ, ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಅಸಲಿಗೆ ನಕಲಿಯನ್ನು ಬೆರೆಸುವುದು ಎಂಬಿವೇ ಆ ಐದು. ಮಿಕ್ಕ ನಾಲ್ಕರ ಅರ್ಥ ಯಾವ ವ್ಯಾಪಾರಿಗೂ ವಿವರಿಸದೆಯೇ ತಿಳಿಯುತ್ತದೆ. ನಡುವಿನ ವಿರುದ್ಧರಾಜ್ಯಾತಿಕ್ರಮವೊಂದು ಮಾತ್ರ ವಿಚಾರಕ್ಕೆ ಎಡೆಗೊಡುತ್ತದೆ. ರಾಜ್ಯದ ಕಟ್ಟಳೆಯನ್ನು ಮೀರಬಾರದು, ಸುಂಕವನ್ನು ತಪ್ಪಿಸಬಾರದು ಎಂದು ಪ್ರವಚನಗಳಲ್ಲಿ ಇದನ್ನು ಸರಳವಾಗಿ ಹೇಳುವುದುಂಟು. ಆದರೆ ಕಟ್ಟಳೆಯೇ ಅನ್ಯಾಯದ್ದಾಗಿದ್ದರೆ, ಅದನ್ನು ವಿಧಿಸುವ ರಾಜ್ಯವೇ ಪರಕೀಯರದಾಗಿದ್ದರೆ ಶ್ರಾವಕನ ಕರ್ತವ್ಯವೇನು? 1799ರಿಂದ 1947ರವರೆಗೆ ಈ ನಾಡಿನಲ್ಲಿ ವ್ಯಾಪಾರ ಮಾಡಿದ ಪ್ರತಿಯೊಬ್ಬ ಜೈನ ಗೃಹಸ್ಥನೂ ಈ ಪ್ರಶ್ನೆಯ ನಡುವೆಯೇ ಬದುಕಿದನು.

ಆ ಕಾಲದ ಸುಂಕಗಳ ವಿಷಯದಲ್ಲಿ ಕನ್ನಡ ಓದುಗರಿಗೆ ದೊರಕುವ ಚಿತ್ರವು ಬಹುಮಟ್ಟಿಗೆ ಬಿ. ಎಲ್. ರೈಸರ ಮೈಸೂರು ಗೆಜೆಟಿಯರಿನಿಂದ ಬಂದದ್ದು. ಜೈನ ಸಮಾಜವು ರೈಸರಿಗೆ ಋಣಿಯಾಗಿದೆ. ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಗ್ರಂಥರೂಪದಲ್ಲಿ ಬೆಳಕಿಗೆ ತಂದವರು ಅವರೇ. ನೆಲಮಂಗಲ ತಾಲ್ಲೂಕಿನ ಮಣ್ಣೆಯು ಗಂಗರ ಮಾನ್ಯಪುರವೆಂಬುದನ್ನೂ, ಅಲ್ಲಿ ಸೇನಾಪತಿ ಶ್ರೀವಿಜಯನು ಕಟ್ಟಿಸಿದ ಜಿನಾಲಯಕ್ಕೆ ಕ್ರಿ.ಶ. 797ರಲ್ಲಿ ದತ್ತಿ ದೊರೆಯಿತೆಂಬುದನ್ನೂ ಇಂದು ನಾವು ಅರಿತಿರುವುದು ಇಂಥ ಶಾಸನ ಸಂಶೋಧನೆಯ ಫಲವಾಗಿಯೇ. ಆ ಗೌರವಕ್ಕೆ ಕುಂದು ಬಾರದಂತೆ ಅವರ ಗೆಜೆಟಿಯರಿನ ಒಂದು ಪುಟವನ್ನು ಇಲ್ಲಿ ಪರಿಶೀಲಿಸಬಹುದು.

ಕಮಿಷನರ್ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ (1834–1861) 769 ಸಣ್ಣಪುಟ್ಟ ತೆರಿಗೆಗಳು ರದ್ದಾದ ಸಂಗತಿ ಆ ಪುಟದಲ್ಲಿದೆ. ಅವುಗಳಿಂದ ವರ್ಷಕ್ಕೆ ಸುಮಾರು ಹತ್ತೂಮುಕ್ಕಾಲು ಲಕ್ಷ ರೂಪಾಯಿ ಬರುತ್ತಿತ್ತು. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಅದಕ್ಕೆ ಹೆಸರಿಟ್ಟದ್ದಕ್ಕೆ, ತಲೆ ಬೋಳಿಸಿದ್ದಕ್ಕೆ ಕೂಡ ತೆರಿಗೆ. ಒಂದು ಗ್ರಾಮದಲ್ಲಂತೂ, ಹಿಂದೊಮ್ಮೆ ತಪ್ಪಿಸಿಕೊಂಡ ಪಾಳೆಯಗಾರನ ಕುದುರೆಯನ್ನು ಪೂರ್ವಿಕರು ಹುಡುಕಿಕೊಡಲಿಲ್ಲವೆಂದು ಅವರ ಸಂತತಿಯವರು ತೆರಬೇಕಾದ ಕಾಣಿಕೆಯಿತ್ತು. ನಗರದ ಸೀಮೆಯ ಒಂದು ಸ್ಥಳದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದವನೂ ತೆರಿಗೆ ಕೊಡಬೇಕಾಗಿತ್ತು. ಇವೆಲ್ಲವೂ ಸರ್ಕಾರದ ಲೆಕ್ಕದಲ್ಲಿ ಆದಾಯವೆಂದೇ ದಾಖಲಾಗಿದ್ದವು.

ವ್ಯಾಪಾರಿಗೆ ಇವುಗಳಿಗಿಂತ ಹತ್ತಿರದ್ದು ಸಾಯರು, ಅಂದರೆ ಸರಕಿನ ಸಾಗಾಟದ ಸುಂಕ. ಇದನ್ನು ಗುತ್ತಿಗೆಗೆ ಕೊಡುತ್ತಿದ್ದರು. ನಗರದ ಸೀಮೆಯಿಂದ ವಾಲಾಜಾಪೇಟೆಗೆ ಹೊರಟ ಒಂದು ಹೇರು ಅಡಿಕೆಯು 26 ಕಟ್ಟೆಗಳಲ್ಲಿ ನಿಲ್ಲಬೇಕಾಗಿತ್ತೆಂದು ಗೆಜೆಟಿಯರು ಹೇಳುತ್ತದೆ. ಮಲೆನಾಡಿನಿಂದ ಪಾಲಾರ್ ಬಯಲಿಗೆ ಇಳಿಯುವ ಸಹಜವಾದ ದಾರಿ ನೆಲಮಂಗಲ, ಬೆಂಗಳೂರು, ಹೊಸಕೋಟೆ, ಕೋಲಾರಗಳ ಕಡೆಯದು. ಹೋರಿಯ ಬೆನ್ನಿನ ಹೇರನ್ನು ಇಳಿಸಿ, ಬಿಚ್ಚಿ, ಎಣಿಸಿ, ಮತ್ತೆ ಕಟ್ಟಿ ಏರಿಸುವುದು ಒಂದೊಂದು ಕಟ್ಟೆಯಲ್ಲೂ ನಡೆಯಬೇಕು. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆ ಆ ವ್ಯವಸ್ಥೆಯ ಹೆಸರನ್ನು ಇಂದಿಗೂ ಹೊತ್ತಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯು ಹುಟ್ಟಿದುದು ಇಂಥ ಕಟ್ಟೆಗಳ ಮುಂದೆಯೇ ಇರಬೇಕು.

ಇಂಥ ಕಟ್ಟೆಗಳು ಹೋದುದು ಒಳಿತೇ. ಸುಮಾರು 1,600 ಮೈಲಿ ರಸ್ತೆ ಕಬ್ಬನ್ನರ ಕಾಲದಲ್ಲಿ ನಿರ್ಮಾಣವಾದುದೂ ನಿಜ. ಆದರೂ ಆ ಪುಟದ ನಿರೂಪಣೆಯಲ್ಲಿ, ಅದನ್ನು ಇಂದಿಗೂ ಪುನರುಚ್ಚರಿಸುವವರ ಬರಹಗಳಲ್ಲಿ, ಎರಡು ಕೊರತೆಗಳಿವೆ.

ಮೊದಲನೆಯದು, ತೆರಿಗೆಗಳನ್ನು ಅವುಗಳ ವೈಚಿತ್ರ್ಯದಿಂದ ಅಳೆದಿರುವುದು. ಕುದುರೆಯ ಕಥೆ ಓದುಗನನ್ನು ನಗಿಸುತ್ತದೆ. ನಕ್ಕವನಿಗೆ, ವಿಚಿತ್ರವಾದ ತೆರಿಗೆ ಅನ್ಯಾಯದ್ದು, ಕ್ರಮಬದ್ಧವಾದ ತೆರಿಗೆ ನ್ಯಾಯದ್ದು ಎಂಬ ಭಾವನೆ ತಾನಾಗಿಯೇ ಮೂಡುತ್ತದೆ. ಆದರೆ ಕ್ರಮ ಬೇರೆ, ನ್ಯಾಯ ಬೇರೆ. 1799ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ಕಂಪನಿಗೆ ವರ್ಷಕ್ಕೆ ಏಳು ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿ ಪೊಗದಿ ಸಲ್ಲಿಸಬೇಕಾಗಿತ್ತು. ಇದರಲ್ಲಿ ವಿಚಿತ್ರವೇನೂ ಇಲ್ಲ. ಕಂತು ಕಂತಾಗಿ ಕ್ರಮಬದ್ಧವಾಗಿ ಸಂದಾಯವಾದ ಹಣವದು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸುವಾಗ ಈ ಮೊತ್ತವನ್ನು 35 ಲಕ್ಷಕ್ಕೆ ಏರಿಸಲಾಯಿತು. ಏರಿಕೆಯ ವಸೂಲಿಯನ್ನು 1896ರವರೆಗೆ ಮುಂದೂಡಲಾಯಿತು. ಹೆಚ್ಚಿಸಿದ ಹತ್ತೂವರೆ ಲಕ್ಷವನ್ನು ಬಿಟ್ಟುಕೊಡುವ ಘೋಷಣೆ ಬಂದದ್ದು 1927ರಲ್ಲಿ. 769 ತೆರಿಗೆಗಳಿಂದ ಪ್ರಜೆಗೆ ಉಳಿದ ಹಣಕ್ಕೂ ಈ ಹೆಚ್ಚಳಕ್ಕೂ ಮೊತ್ತದಲ್ಲಿ ಹೆಚ್ಚಿನ ಅಂತರವಿಲ್ಲ. ಮೊದಲನೆಯದನ್ನು ಎಲ್ಲರೂ ನೆನೆಯುತ್ತಾರೆ. ಎರಡನೆಯದನ್ನು ನೆನೆಯುವವರು ವಿರಳ.

ಎರಡನೆಯ ಕೊರತೆ ಇನ್ನೂ ಗಂಭೀರವಾದದ್ದು. ಇಳಿಸಿದ ಹೊರೆ ಯಾರ ಹೆಗಲಿಗೆ ಹೋಯಿತೆಂಬ ಪ್ರಶ್ನೆಯು ಇಂಥ ನಿರೂಪಣೆಗಳಲ್ಲಿ ಏಳುವುದೇ ಇಲ್ಲ. ನೆರೆಯ ಮದರಾಸು ಆಧಿಪತ್ಯದ ಉದಾಹರಣೆ ಇಲ್ಲಿ ಉಪಯುಕ್ತ. ಅಲ್ಲಿ ಒಳನಾಡಿನ ಸಾಗಾಟದ ಸುಂಕ ರದ್ದಾದುದು 1844ರಲ್ಲಿ. ಅದರಿಂದಾದ ನಷ್ಟವನ್ನು ತುಂಬಿಕೊಳ್ಳಲು ಸರ್ಕಾರವು ತನ್ನ ಏಕಸ್ವಾಮ್ಯದಲ್ಲಿದ್ದ ಉಪ್ಪಿನ ಬೆಲೆಯನ್ನು ಏರಿಸಿತು. ವರ್ತಕನ ಹೇರಿನ ಮೇಲಿದ್ದ ಸುಂಕ ಕೂಲಿಯವನ ಗಂಜಿಯ ಉಪ್ಪಿಗೆ ವರ್ಗವಾಯಿತು. ವರ್ತಕನಿಗೆ ಆದದ್ದು ಲಾಭ. ಆ ಲಾಭದ ಬೆಲೆಯನ್ನು ತೆತ್ತವನು ಬೇರೊಬ್ಬ.

ಮೈಸೂರಿಗೆ ಸಮುದ್ರವಿಲ್ಲ. ಕರಾವಳಿಯ ಉಪ್ಪು ಇಲ್ಲಿಗೆ ಬರುವಷ್ಟರಲ್ಲಿ ಬ್ರಿಟಿಷ್ ಸರ್ಕಾರದ ತೆರಿಗೆ ಅದರ ಬೆಲೆಯೊಳಗೆ ಸೇರಿಹೋಗಿರುತ್ತಿತ್ತು. ಒಳನಾಡಿನಲ್ಲಿ ಚೌಳುಮಣ್ಣಿನಿಂದ ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬಾಗಿತ್ತು. 1881ರ ಅಧಿಕಾರ ಹಸ್ತಾಂತರದ ಪತ್ರದಲ್ಲಿ, ಉಪ್ಪು ಮತ್ತು ಅಫೀಮಿನ ತಯಾರಿಕೆಯನ್ನು ನಿಷೇಧಿಸುವ ಅಥವಾ ಮಿತಿಗೊಳಿಸುವ ವಿಷಯದಲ್ಲಿ ಮಹಾರಾಜರು ಗವರ್ನರ್ ಜನರಲ್ಲರ ಇಚ್ಛೆಗೆ ಅನುಸಾರವಾಗಿ ನಡೆಯಬೇಕೆಂಬ ವಿಧಿಯನ್ನು ಸೇರಿಸಲಾಯಿತು. ಮರುವರ್ಷ, 1882ರಲ್ಲಿ, ಬ್ರಿಟಿಷ್ ಇಂಡಿಯಾದ ಉಪ್ಪಿನ ಕಾನೂನು ಬಂದಿತು. ಮಣಕ್ಕೆ ಎರಡು ರೂಪಾಯಿಯಿದ್ದ ತೆರಿಗೆ 1888ರಲ್ಲಿ ಎರಡೂವರೆ ರೂಪಾಯಿಯಾಯಿತು. ದೇವನಹಳ್ಳಿಯ ಬಯಲಿನ ರೈತನು ಯಾವ ಸುಂಕದ ಕಟ್ಟೆಯನ್ನೂ ಕಾಣದೆಯೇ, ಯಾವ ಗುತ್ತಿಗೆದಾರನ ಮುಂದೆಯೂ ನಿಲ್ಲದೆಯೇ, ತನ್ನ ಸಂಸ್ಥಾನದ ಬೊಕ್ಕಸಕ್ಕೆ ಸೇರದ ತೆರಿಗೆಯನ್ನು ದಿನವೂ ತೆತ್ತನು. ಕಣ್ಣಿಗೆ ಕಾಣುವ ಕಟ್ಟೆ ಹೋಗಿ ಕಾಣದ ಕಟ್ಟೆ ಬಂದಿತು.

ದೊಡ್ಡಬಳ್ಳಾಪುರದ ನೇಕಾರನ ಕಡೆಯಿಂದ ನೋಡಿದರೂ ಇದೇ ತೋರುತ್ತದೆ. ಮೊಹತರ್ಫವೆಂಬ ಬಾಬಿನಲ್ಲಿ ಮಗ್ಗ, ಗಾಣ, ಅಂಗಡಿಗಳಿಗೆ ತೆರಿಗೆ ಬೀಳುತ್ತಿತ್ತು. ಸೀರೆ ಮಾರಿತೋ ಇಲ್ಲವೋ ಎಂಬುದನ್ನು ಅದು ಕೇಳುವುದಿಲ್ಲ. ಹೊರಗಿನಿಂದ ಬರುವ ಹತ್ತಿಬಟ್ಟೆಯ ಮೇಲಿನ ಆಮದು ಸುಂಕವನ್ನಾದರೋ ಭಾರತ ಸರ್ಕಾರವು 1882ರಲ್ಲಿ ಪೂರ್ತಿಯಾಗಿ ತೆಗೆದುಹಾಕಿತು. ಮುಂದೆ ಹಣದ ಮುಗ್ಗಟ್ಟಿನಿಂದ ಅದನ್ನು ಮತ್ತೆ ವಿಧಿಸಬೇಕಾಗಿ ಬಂದಾಗ, ಲ್ಯಾಂಕಶೈರಿನ ಗಿರಣಿಗಳ ಒತ್ತಾಯಕ್ಕೆ ಮಣಿದು, 1896ರಲ್ಲಿ ಆಮದಿನ ಮೇಲೆ ಮೂರೂವರೆ ಶೇಕಡ, ಭಾರತೀಯ ಗಿರಣಿಯ ಬಟ್ಟೆಯ ಮೇಲೂ ಅಷ್ಟೇ ಶೇಕಡ ಎಂದು ಗೊತ್ತುಮಾಡಿತು. ತಕ್ಕಡಿ ಸಮನಾಗಿ ನಿಂತಂತೆ ತೋರುತ್ತದೆ. ಒಂದು ತಟ್ಟೆಯಲ್ಲಿ ಬೆಳೆದು ನಿಂತ ಉದ್ಯಮ, ಇನ್ನೊಂದರಲ್ಲಿ ಎಳೆಯ ಉದ್ಯಮವಿರುವಾಗ ಆ ಸಮತೆಯೇ ಹೀನಾಧಿಕಮಾನವಾಗುತ್ತದೆ. ತೂಕದಲ್ಲಿ ಮೋಸ ಮಾಡುವ ಅತಿಚಾರವನ್ನು ಅಂಗಡಿಯವನಿಗೆ ಮಾತ್ರ ಅನ್ವಯಿಸಿ, ಕಾನೂನು ಬರೆಯುವವನನ್ನು ಬಿಟ್ಟುಬಿಡುವುದು ಸರಿಯಲ್ಲ.

ಈ ಮಾತು ಜೈನ ಪರಂಪರೆಗೆ ಹೊಸದೇನೂ ಅಲ್ಲ. ಹತ್ತನೆಯ ಶತಮಾನದ ಸೋಮದೇವಸೂರಿಗಳು ನೀತಿವಾಕ್ಯಾಮೃತದಲ್ಲಿ, ಸುಂಕವನ್ನು ಏರಿಸುವುದೂ ಬಲಾತ್ಕಾರದಿಂದ ಸರಕನ್ನು ಕೊಳ್ಳುವುದೂ ಪರದೇಶದ ಸರಕು ಬಾರದಿರುವುದಕ್ಕೆ ಕಾರಣವೆಂದು ಅರಸನನ್ನು ಎಚ್ಚರಿಸಿದ್ದಾರೆ. ನ್ಯಾಯದಿಂದ ರಕ್ಷಿತವಾದ ಸಂತೆಯು ರಾಜನಿಗೆ ಕಾಮಧೇನುವೆಂದಿದ್ದಾರೆ. ಅದೇ ಗ್ರಂಥದಲ್ಲಿ ಅವರು ವರ್ತಕರನ್ನೂ ಬಿಟ್ಟಿಲ್ಲ. ನೋಡುನೋಡುತ್ತಲೇ ಅಪಹರಿಸುವುದರಲ್ಲಿ ವರ್ತಕರನ್ನು ಮೀರಿಸಿದವರಿಲ್ಲವೆಂಬುದು ಅವರ ಅಭಿಪ್ರಾಯ. ಅರಸನಿಗೆ ಹೇಳಿದ್ದನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು ತಮಗೆ ಹೇಳಿದ್ದನ್ನು ಮರೆಯುವ ವ್ಯಾಪಾರಿಗೆ ಸೋಮದೇವಸೂರಿಗಳು ನೆರವಿಗೆ ಬರಲಾರರು.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು ವಿವರಿಸುವ ಕ್ರಮ ಇಲ್ಲಿ ದಾರಿ ತೋರಿಸುತ್ತದೆ. ಉಚಿತವಾದ ನ್ಯಾಯವನ್ನು ಬಿಟ್ಟು ಬೇರೆ ರೀತಿಯಿಂದ ಕೊಡುವುದು, ಕೊಳ್ಳುವುದು ಅತಿಕ್ರಮ. ವಿರುದ್ಧರಾಜ್ಯದಲ್ಲಿ ಹೆಚ್ಚು ಬೆಲೆಯ ವಸ್ತುಗಳನ್ನು ಅಲ್ಪಬೆಲೆಗೆ ದೊರಕಿಸಿಕೊಳ್ಳಲು ಮಾಡುವ ಪ್ರಯತ್ನವೇ ಅದರ ಸ್ವರೂಪ ಎಂಬುದು ಅವರ ಅಭಿಪ್ರಾಯದ ಸಾರ. ಆಚಾರ್ಯರು ದೋಷವನ್ನು ಇಟ್ಟಿರುವುದು ಅರಸನ ಆಜ್ಞೆ ಮೀರಿದ ಮಾತ್ರಕ್ಕಲ್ಲ. ರಾಜ್ಯದ ಅವ್ಯವಸ್ಥೆಯನ್ನು ಸ್ವಂತ ಲಾಭಕ್ಕೆ ಬಳಸಿಕೊಳ್ಳುವ ಲೋಭದಲ್ಲಿ. ಪ್ರಮತ್ತಯೋಗವಿಲ್ಲದೆ ಸ್ತೇಯವಿಲ್ಲವೆಂಬ ಮೂಲಸಿದ್ಧಾಂತಕ್ಕೆ ಇದು ಹೊಂದುತ್ತದೆ.

ಈ ಒರೆಗಲ್ಲಿಗೆ ಹಚ್ಚಿದಾಗ ಇತಿಹಾಸದ ಎರಡು ನಡೆಗಳು ಬೇರೆಬೇರೆಯಾಗಿ ಕಾಣುತ್ತವೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಜನರು ಉಪ್ಪಿನ ಕಾನೂನನ್ನು ಮುರಿದರು. ಹಗಲಿನಲ್ಲಿ, ಸಹಸ್ರಾರು ಜನರೆದುರು, ಶಿಕ್ಷೆಗೆ ಸಿದ್ಧರಾಗಿ ಮುರಿದರು. ಅವರಿಗೆ ಒಂದು ಕಾಸಿನ ಲಾಭವೂ ಇರಲಿಲ್ಲ. ಅದೇ ಕಾನೂನನ್ನು ರಾತ್ರಿಯಲ್ಲಿ, ಹಣದ ಆಸೆಯಿಂದ, ಕಾವಲುಗಾರನ ಕೈ ಬೆಚ್ಚಗೆ ಮಾಡಿ ಮೀರಿದವನೂ ಕಾನೂನುಭಂಗವನ್ನೇ ಮಾಡಿದನು. ಹೊರಗಿನ ಕ್ರಿಯೆ ಒಂದೇ. ಭಾವ ಬೇರೆ, ಬಂಧ ಬೇರೆ. ಗಾಂಧೀಜಿಯವರ ಅಂತರಂಗವನ್ನು ತಿದ್ದಿದವರಲ್ಲಿ ಮುಂಬಯಿಯ ವಜ್ರವ್ಯಾಪಾರಿ ಶ್ರೀಮದ್ ರಾಜಚಂದ್ರರು ಒಬ್ಬರು. ವ್ಯಾಪಾರದ ಪೇಢಿಯಲ್ಲಿ ಕುಳಿತೇ ಧರ್ಮವನ್ನು ಬದುಕಬಹುದೆಂಬುದನ್ನು ಅವರಲ್ಲಿ ಗಾಂಧೀಜಿ ಕಂಡರೆಂಬುದು ಇಲ್ಲಿ ಸ್ಮರಣೀಯ.

ಪರಕೀಯರ ಆಳ್ವಿಕೆ ಮುಗಿದಿದೆ. ಉಪ್ಪಿನ ತೆರಿಗೆ 1947ರಲ್ಲಿ ಹೋಯಿತು. ಕರ್ನಾಟಕದಲ್ಲಿ ಆಕ್ಟ್ರಾಯ್ 1979ರಲ್ಲಿ ಹೋಯಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ರಾಜ್ಯದ ಗಡಿಗಳ ವಾಣಿಜ್ಯ ತೆರಿಗೆ ತಪಾಸಣಾ ಕಟ್ಟೆಗಳೂ ಹೋದವು. ಟಿಪ್ಪು ಹುಟ್ಟಿದ ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣ ತೆರೆದು, ಸಮುದ್ರವಿಲ್ಲದ ನಾಡಿನ ನಡುವೆಯೇ ಕಸ್ಟಮ್ಸ್ ಕಟ್ಟೆಯೊಂದು ಎದ್ದಿದೆ. ಪರದೇಶದಲ್ಲಿ ಅಗ್ಗಕ್ಕೆ ಸಿಗುವ ಚಿನ್ನವನ್ನು ಸುಂಕ ತಪ್ಪಿಸಿ ತರುವ ಪ್ರಯತ್ನವು ಪೂಜ್ಯಪಾದರ ವಿವರಣೆಗೆ ಅಕ್ಷರಶಃ ಹೊಂದುವ ಉದಾಹರಣೆ. ಅದನ್ನು ತರುವವನದು ವಿರುದ್ಧರಾಜ್ಯಾತಿಕ್ರಮ. ಬಿಲ್ಲಿಲ್ಲದೆ ಕೊಳ್ಳುವ ಅಂಗಡಿಯವನದು ತದಾಹೃತಾದಾನ.

ತೆರಿಗೆ ಹೆಚ್ಚಾಯಿತು, ನಿಯಮಗಳು ಜಟಿಲವಾದವು ಎಂಬ ದೂರು ಇಂದೂ ಇದೆ; ಕೆಲವು ದೂರುಗಳಲ್ಲಿ ಸತ್ಯವೂ ಇದೆ. ಆದರೆ ದೂರು ಹೇಳಿಕೊಳ್ಳಲು ಇಂದು ಶಾಸನಸಭೆಯಿದೆ, ನ್ಯಾಯಾಲಯವಿದೆ, ವರ್ತಕರ ಸಂಘಗಳಿವೆ. 1840ರ ಅಡಿಕೆ ವ್ಯಾಪಾರಿಗೆ ಇವಾವುವೂ ಇರಲಿಲ್ಲ. ಕಾನೂನು ಅನ್ಯಾಯದ್ದೆನ್ನುವವನು ಅದನ್ನು ಬಹಿರಂಗವಾಗಿ ಹೇಳಬೇಕು. ಬಾಯಲ್ಲಿ ಅನ್ಯಾಯವೆನ್ನುತ್ತ ಲೆಕ್ಕದಲ್ಲಿ ಎರಡು ಪುಸ್ತಕ ಇಡುವವನು ಸತ್ಯಾಗ್ರಹಿಯ ಮಾತನ್ನು ಎರವಲು ಪಡೆದ ಲೋಭಿಯಷ್ಟೆ.

ಬಸದಿಗಳ ಆಡಳಿತ ನಡೆಸುವವರಿಗೆ ಈ ವಿಚಾರ ಇನ್ನಷ್ಟು ಹತ್ತಿರವಾದದ್ದು. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥಧರ್ಮಕ್ಕೆ ಯೋಗ್ಯನಾದವನ ಲಕ್ಷಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗೆ ಇಟ್ಟಿದ್ದಾರೆ. ಪೂಜೆ ದಾನಗಳ ಮಾತು ಅದರ ಅನಂತರದ್ದು. ಗುಪ್ತದಾನದ ಹಿರಿಮೆ ದಾನಿಯ ಹೆಸರು ಅಡಗಿರುವುದರಲ್ಲಿದೆ. ಧನದ ಮೂಲ ಅಡಗಿರುವುದರಲ್ಲಿ ಅಲ್ಲ. ಪಂಚಕಲ್ಯಾಣದ ಸವಾಲಿನಲ್ಲಿ ಕೂಗಿದ ಮೊತ್ತಕ್ಕೆ ರಸೀದಿ ಬೇಡವೆನ್ನುವ ದಾನಿಯ ಹಣವನ್ನು ಸ್ವೀಕರಿಸುವ ಟ್ರಸ್ಟು, ಎರಡನೆಯ ಅತಿಚಾರದ ಹೊಸ್ತಿಲಿನಲ್ಲಿ ನಿಂತಿರುತ್ತದೆ. ಮಾನಸ್ತಂಭ ಒಂದು ವರ್ಷ ತಡವಾಗಿ ಎದ್ದರೆ ಧರ್ಮಕ್ಕೆ ಹಾನಿಯಿಲ್ಲ. ಪ್ರತಿಯೊಂದು ಬಸದಿಯ ಆಡಳಿತ ಮಂಡಳಿಯೂ ಮುಂದಿನ ವಾರ್ಷಿಕ ಸಭೆಯಲ್ಲಿ, ರಸೀದಿಯಿಲ್ಲದ ಕಾಣಿಕೆಯನ್ನು ಪಡೆಯುವುದಿಲ್ಲವೆಂದು ನಿರ್ಣಯ ಮಾಡಿ, ಜಮಾಖರ್ಚನ್ನು ಬಸದಿಯ ಬಾಗಿಲಲ್ಲೇ ತೂಗುಹಾಕುವುದು ಉಚಿತ. ಸಮಾಜದ ಹಿರಿಯರು ಈ ಕುರಿತು ಪರ್ಯೂಷಣದ ದಿನಗಳಲ್ಲಿ, ಉತ್ತಮ ಶೌಚದ ದಿನದಂದೇ, ಚರ್ಚಿಸುವುದಾದರೆ ಅಚೌರ್ಯವ್ರತದ ಮೂರನೆಯ ಅತಿಚಾರವು ಕೇವಲ ಪಾಠಶಾಲೆಯ ಕಂಠಪಾಠವಾಗಿ ಉಳಿಯಲಾರದು.