ತಾಮ್ರಪತ್ರದ ಆಚೆ

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹೊಸ ಕತೆಗಾರರು ತಮ್ಮ ಹಸ್ತಪ್ರತಿಗಳನ್ನು ನಮಗೆ ಓದಲು ಕೊಡುವುದುಂಟು. ಶೇಂಗಾ ಮಿಲ್ಲಿನ ಹಮಾಲಿ, ರೇಷ್ಮೆ ಮಗ್ಗದ ಮನೆಯ ಹುಡುಗಿ, ಮಳೆ ಕಾಣದ ಹೊಲ ಇವೆಲ್ಲ ಅವರಿಗೆ ಚೆನ್ನಾಗಿ ಗೊತ್ತು. ಆದರೆ ಕತೆಯೊಳಕ್ಕೆ ಸ್ವಾತಂತ್ರ್ಯ ಹೋರಾಟಗಾರನೊಬ್ಬ ಬಂದನೆಂದರೆ ಮುಂದಿನದನ್ನು ನಾವು ಓದದೆಯೇ ಹೇಳಬಲ್ಲೆವು. ಖಾದಿ ಟೋಪಿ, ಕೆಮ್ಮು, ಮಾತು ಕೇಳದ ಮಗ. ಕೊನೆಯ ಪುಟದಲ್ಲಿ ತಾಮ್ರಪತ್ರ ಗುಜರಿ ಅಂಗಡಿಗೆ.

ಭ್ರಮನಿರಸನ ಸುಳ್ಳಲ್ಲ. ಆದರೆ ಅದೊಂದೇ ನಿಜವೆ?

ಈ ಅಭ್ಯಾಸ ನಮ್ಮವರದ್ದಷ್ಟೇ ಅಲ್ಲ. ಜರ್ಮನಿಯ ರೆಮಾರ್ಕ್ ದೊಡ್ಡ ಕಾದಂಬರಿಕಾರ. 1936ರಲ್ಲಿ ಬಂದ ಅವನ ‘ತ್ರೀ ಕಾಮ್ರೇಡ್ಸ್’ನಲ್ಲಿ ಮಹಾಯುದ್ಧದಿಂದ ಮರಳಿದ ಮೂವರು ಗೆಳೆಯರು ಕಾರು ರಿಪೇರಿ ಅಂಗಡಿ ನಡೆಸುತ್ತಾರೆ. ಅವರಲ್ಲಿ ಲೆನ್ಜ್ ಎಂಬವನು ರಾಜಕೀಯ ಸಭೆಯೊಂದಕ್ಕೆ ಹೋಗಿ ಬರುವಾಗ ಬೀದಿಯಲ್ಲಿ ಗುಂಡಿಗೆ ಬಲಿಯಾಗುತ್ತಾನೆ. ಕಾದಂಬರಿ ಆ ಸಭೆಯೊಳಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ; ಕುಡಿತಕ್ಕೆ, ಪ್ರೇಮಕ್ಕೆ, ಸೇಡಿಗೆ ಹೊರಳುತ್ತದೆ. ಆದರೆ ಅಂಥ ಸಭೆಗಳ ಬಾಗಿಲು ಕಾಯುತ್ತಿದ್ದವರಲ್ಲೂ ಬಹಳ ಮಂದಿ ಮಾಜಿ ಸೈನಿಕರೇ. 1924ರಲ್ಲಿ ಮ್ಯಾಗ್ಡೆಬರ್ಗ್ ನಗರದಲ್ಲಿ ಹುಟ್ಟಿದ ‘ರೈಖ್ಸ್‌ಬ್ಯಾನರ್’ ಸಂಘಟನೆ ಅವರನ್ನೂ ಕಾರ್ಮಿಕರನ್ನೂ ಸೇರಿಸಿಕೊಂಡು ಎಳೆಯ ಗಣರಾಜ್ಯದ ಕಾವಲಿಗೆ ನಿಂತಿತ್ತು. 1932ರ ಜುಲೈಯಲ್ಲಿ ಪ್ರಷ್ಯಾದ ಸರ್ಕಾರವನ್ನು ಕಿತ್ತೊಗೆದಾಗ ಅವರು ನಾಯಕರ ಕರೆಗಾಗಿ ಕಾದರು. ಕರೆ ಬರಲಿಲ್ಲ. ಮರುವರ್ಷ ನಾಜಿಗಳು ಸಂಘಟನೆಯನ್ನೇ ನಿಷೇಧಿಸಿದರು. ಕಾದಂಬರಿಗೆ ಇದಕ್ಕಿಂತ ದೊಡ್ಡ ವಸ್ತು ಬೇಕೆ?

ಉರ್ದು ಶಾಲೆಯಲ್ಲಿ ನಾವು ಸ್ವಾತಂತ್ರ್ಯ ಹೋರಾಟಗಾರನನ್ನು ‘ಮುಜಾಹಿದೆ ಆಜಾದಿ’ ಎಂದು ಕರೆಯಲು ಕಲಿತವರು. (ಮುಜಾಹಿದ್ ಎಂಬ ಪದ ಇವತ್ತು ಕನ್ನಡ ಪತ್ರಿಕೆಗಳಲ್ಲಿ ಪಡುವ ಪಾಡು ಬೇರೆಯೇ ಕತೆ.) ಅದರ ಬೇರು ಜುಹ್ದ್, ಅಂದರೆ ಶ್ರಮ. ಆ ಶ್ರಮ 1947ರ ಆಗಸ್ಟ್ 15ಕ್ಕೆ ಮುಗಿಯುವಂಥದ್ದಲ್ಲ.

ಎಚ್.ಎಸ್. ದೊರೆಸ್ವಾಮಿಯವರನ್ನು ನೋಡಿ. 1918ರಲ್ಲಿ ಹುಟ್ಟಿದವರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ 14 ತಿಂಗಳು ಜೈಲು. 1947ರಲ್ಲಿ ‘ಮೈಸೂರು ಚಲೋ’. ತುರ್ತು ಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರಿಗೇ ಪತ್ರ ಬರೆದು ಮತ್ತೆ ಜೈಲು. ಆಮೇಲೆ ಭೂಗಳ್ಳರ ವಿರುದ್ಧ ಬೆಂಗಳೂರಿನ ಬೀದಿಗಳಲ್ಲಿ ಧರಣಿ. ಅವರ ಆಯುಧವೆಲ್ಲ ಅರ್ಜಿ, ಪತ್ರ, ಮತ್ತೆ ಮತ್ತೆ ಕೂರುವ ತಾಳ್ಮೆ. ನಮ್ಮ ಕತೆಗಾರರಿಗೆ ಇದು ನೀರಸವೆನಿಸಿರಬೇಕು. ಹುತಾತ್ಮನಿಗೂ ಹತಾಶನಿಗೂ ನಮ್ಮಲ್ಲಿ ಸಿದ್ಧ ಭಾಷೆಯಿದೆ. ಅರ್ಜಿ ಹಿಡಿದು ನಾಳೆಯೂ ಬರುವ ಮುದುಕನಿಗೆ ಇಲ್ಲ.

ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ 2019ರ ಕೊನೆಗೆ ಜನ ಬೀದಿಗಿಳಿದಾಗ ಅವರೂ ಬಂದು ಕೂತರು. ವಯಸ್ಸು 101. ದಾಖಲೆ ತೋರಿಸಿ ಎಂದು ನಾಳೆ ಯಾರಾದರೂ ಬಾಗಿಲು ತಟ್ಟಿದರೆ ಏನು ಗತಿ ಎಂಬ ದಿಗಿಲು ಆಗ ನಮ್ಮ ಕೇರಿಗಳಲ್ಲಿತ್ತು. ಹಳೆಯ ಟ್ರಂಕುಗಳು ತೆರೆದುಕೊಂಡಿದ್ದವು. 2020ರ ಫೆಬ್ರವರಿಯಲ್ಲಿ ಶಾಸಕರೊಬ್ಬರು ದೊರೆಸ್ವಾಮಿಯವರನ್ನೇ ನಕಲಿ ಸ್ವಾತಂತ್ರ್ಯ ಹೋರಾಟಗಾರ ಎಂದರು. ನಮ್ಮ ಪರವಾಗಿ ಕೂತವರಿಗೂ, ಜೈಲಿನಲ್ಲಿದ್ದದ್ದು ನಿಜವೆಂದು ತೋರಿಸಲು, ಹಳೆಯ ಜೈಲಿನ ಕಾಗದವೊಂದು ಬೇಕಾಯಿತು.